ಕ್ಲೋಮಿಫೀನೋ ಲೆಟ್ರೋಜೋಲೋ: ಮಾತ್ರೆ ಸಸಾರ, ಲೆಕ್ಕ ಬಿಗಿ

ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬಾರದ, ಪಿಸಿಒಡಿ (ಪಿಸಿಒಎಸ್ ಎಂದೂ ಹೇಳುತ್ತಾರೆ, ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ನಿಂತು ಮೊಟ್ಟೆ ಸರಿಯಾಗಿ ಬೆಳೆಯದ ತೊಂದರೆ) ಇರುವ ಹೆಂಗಸರಿಗೆ ಮಗುವಾಗಲೆಂದು ಮೊಟ್ಟೆ ಬೆಳೆಸಲು ಮುಖ್ಯವಾಗಿ ಬರೆದುಕೊಡುವ ಮಾತ್ರೆ ಎರಡು. ಒಂದು ಕ್ಲೋಮಿಫೀನ್ ಸಿಟ್ರೇಟ್ 50 ಮಿ.ಗ್ರಾಂ. ಸಿಪ್ಲಾದ ಫರ್ಟೋಮಿಡ್, ಸೀರಮ್ ಇನ್‌ಸ್ಟಿಟ್ಯೂಟ್‌ನ ಸೈಫೀನ್ ಎಂದರೆ ಇದೇ. ಇನ್ನೊಂದು ಲೆಟ್ರೋಜೋಲ್ 2.5 ಮಿ.ಗ್ರಾಂ. ಸನ್ ಫಾರ್ಮಾದ ಲೆಟ್ರೋಜ್, ನೊವಾರ್ಟಿಸ್‌ನ ಫೆಮಾರಾ ಈ ಗುಂಪಿನವು. ಮಂಗಳೂರಿನ ಹಂಪನಕಟ್ಟೆ, ಅತ್ತಾವರ, ಕಂಕನಾಡಿಯಲ್ಲಿ ಆಸ್ಪತ್ರೆಗಳ ಹತ್ತಿರದ ದೊಡ್ಡ ಮೆಡಿಕಲ್‌ಗಳಲ್ಲಿ, ಉಡುಪಿ-ಮಣಿಪಾಲದಲ್ಲಿ ಇವಕ್ಕಾಗಿ ಅಲೆಯಬೇಕಾದ್ದಿಲ್ಲ. ಸುಳ್ಯ, ಬೈಂದೂರು ಕಡೆಯ ಸಣ್ಣ ಅಂಗಡಿಯಾದರೆ ವಾರ ಮೊದಲೇ ಹೇಳಿ ತರಿಸಿಟ್ಟುಕೊಳ್ಳಿ. ಮುಟ್ಟಿನ ಎರಡನೇ ದಿನವೋ ಮೂರನೇ ದಿನವೋ ಶುರುವಾಗಬೇಕಾದ ಮಾತ್ರೆಗೆ ‘ಸ್ಟಾಕ್ ಇಲ್ಲ, ನಾಡಿದ್ದು ಬನ್ನಿ’ ಎಂಬ ಉತ್ತರ ಸಿಕ್ಕಿದರೆ ಆ ತಿಂಗಳ ಲೆಕ್ಕವೇ ಹಾಳು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಿಸಿಒಡಿ ಇದ್ದವರಿಗೆ ಇವತ್ತು ಮೊದಲ ಆಯ್ಕೆ ಲೆಟ್ರೋಜೋಲ್. ಕ್ಲೋಮಿಫೀನ್ ಈಗಲೂ ಕೆಲಸಕ್ಕೆ ಬರುವ ಮದ್ದು, ಆದರೆ ಎರಡನೇ ಸ್ಥಾನದ್ದು. ಎರಡೂ ಸೋಲುವ ಕಡೆ ಬಹಳಷ್ಟು ಸಲ ಮಾತ್ರೆಯ ತಪ್ಪು ಇರುವುದಿಲ್ಲ. ದಿನ ಎಣಿಸಿದ್ದು ತಪ್ಪಾಗಿರುತ್ತದೆ, ಸ್ಕ್ಯಾನಿಂಗ್ ಬಿಟ್ಟುಹೋಗಿರುತ್ತದೆ, ಇಲ್ಲವೇ ಗಂಡನ ಪರೀಕ್ಷೆಯೇ ಆಗಿರುವುದಿಲ್ಲ.

ಎರಡೂ ಮಾಡುವ ಕೆಲಸ ಒಂದೇ, ದಾರಿ ಬೇರೆ. ಮೊಟ್ಟೆ ಬೆಳೆಯಲು ಬೇಕಾದ ಎಫ್‌ಎಸ್‌ಎಚ್ ಹಾರ್ಮೋನನ್ನು ಪಿಟ್ಯುಟರಿ ಗ್ರಂಥಿ ಬಿಡುತ್ತದೆ. ರಕ್ತದಲ್ಲಿ ಈಸ್ಟ್ರೋಜನ್ ಸಾಕಷ್ಟಿದ್ದರೆ ಮೆದುಳು ಅದನ್ನು ತಡೆಹಿಡಿಯುತ್ತದೆ. ಕ್ಲೋಮಿಫೀನ್ ಮೆದುಳಿನಲ್ಲಿ ಈಸ್ಟ್ರೋಜನ್ ಕೂರಬೇಕಾದ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಈಸ್ಟ್ರೋಜನ್ ಇದ್ದರೂ ಮೆದುಳಿಗೆ ಕಾಣುವುದಿಲ್ಲ, ಎಫ್‌ಎಸ್‌ಎಚ್ ಏರುತ್ತದೆ. ಲೆಟ್ರೋಜೋಲ್ ಮಾತ್ರ ಅರೋಮಟೇಸ್ ಎಂಬ ಕಿಣ್ವವನ್ನು ತಡೆದು ಈಸ್ಟ್ರೋಜನ್ ತಯಾರಾಗುವುದನ್ನೇ ಕೆಲವು ದಿನ ಕಡಿಮೆ ಮಾಡುತ್ತದೆ.

ಈ ವ್ಯತ್ಯಾಸದ ಪರಿಣಾಮ ಗರ್ಭಕೋಶದ ಒಳಪದರದಲ್ಲಿ ಕಾಣುತ್ತದೆ. ಕ್ಲೋಮಿಫೀನ್ ಮಾತ್ರೆಯೊಳಗೆ ಎರಡು ರೂಪಗಳ ಮಿಶ್ರಣ ಉಂಟು, ಎನ್‌ಕ್ಲೋಮಿಫೀನ್ ಮತ್ತು ಜುಕ್ಲೋಮಿಫೀನ್. ಮೊದಲನೆಯದು ಬೇಗ ಹೊರಟುಹೋಗುತ್ತದೆ. ಎರಡನೆಯದು ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಒಟ್ಟಿನಲ್ಲಿ ಕ್ಲೋಮಿಫೀನ್ ಒಳಪದರದಲ್ಲೂ, ಗರ್ಭಕೋಶದ ಬಾಯಿಯ ಲೋಳೆಯಲ್ಲೂ ಈಸ್ಟ್ರೋಜನ್‌ಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಮೊಟ್ಟೆ ಚೆನ್ನಾಗಿ ಬೆಳೆದು ಒಡೆದರೂ (ಅಂದರೆ ಅಂಡಾಶಯದಿಂದ ಹೊರಬಿದ್ದರೂ) ಪದರ ತೆಳುವಾಗಿಯೇ ಉಳಿದು ಗರ್ಭ ನಿಲ್ಲದ ಪ್ರಸಂಗ ಕೆಲವರಲ್ಲಿ ಬರುತ್ತದೆ. ಲೆಟ್ರೋಜೋಲ್‌ನ ಪ್ರಮಾಣ ಸುಮಾರು ಎರಡು ದಿನಕ್ಕೆ ಅರ್ಧಕ್ಕಿಳಿಯುತ್ತಾ ಹೋಗಿ, ಮೊಟ್ಟೆ ಒಡೆಯುವ ಹೊತ್ತಿಗೆ ಮೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಅಂಕಿ ಬೇಕೆನ್ನುವವರಿಗೆ: ಅಮೆರಿಕದಲ್ಲಿ ಪಿಸಿಒಎಸ್ ಇದ್ದ 750 ಹೆಂಗಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಐದು ಸುತ್ತಿನವರೆಗೆ (ಒಂದು ಮುಟ್ಟಿನ ಚಕ್ರಕ್ಕೆ ಒಂದು ಸುತ್ತು) ಮಾತ್ರೆ ಕೊಟ್ಟಾಗ ಲೆಟ್ರೋಜೋಲ್ ಗುಂಪಿನಲ್ಲಿ ಶೇ 27.5, ಕ್ಲೋಮಿಫೀನ್ ಗುಂಪಿನಲ್ಲಿ ಶೇ 19.1 ಮಂದಿಗೆ ಮಗು ಹುಟ್ಟಿತು. ಆಗಿನಿಂದ ಪಟ್ಟಿ ತಲೆಕೆಳಗಾಯಿತು. 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿಯೂ ಲೆಟ್ರೋಜೋಲನ್ನೇ ಮೊದಲು ಇಡುತ್ತದೆ. ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಒಳ್ಳೆಯ ಮದ್ದು, ಐದು ಸುತ್ತು, ಕಟ್ಟುನಿಟ್ಟಿನ ನಿಗಾ ಎಲ್ಲ ಇದ್ದೂ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಗು. ಒಂದೇ ತಿಂಗಳಿಗೆ ‘ಮದ್ದು ಹಿಡಿಯಲಿಲ್ಲ’ ಎಂದು ಡಾಕ್ಟರನ್ನು ಬದಲಾಯಿಸುವವರು ಇದನ್ನೊಮ್ಮೆ ನೋಡಲಿ.

ಅಂಗಡಿ ಕೌಂಟರ್‌ನಲ್ಲಿ

ಬೆಲೆಯ ವಿಷಯದಲ್ಲಿ ದೂರು ಹೇಳುವಂಥದ್ದು ಇಲ್ಲ. ಕ್ಲೋಮಿಫೀನ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದರಿಂದ ಬೆಲೆಗೆ ಮಿತಿ ಉಂಟು. ಐದು ದಿನದ ಮಾತ್ರೆಗೆ ಒಂದು ಸ್ಕ್ಯಾನಿಂಗ್‌ನಷ್ಟು ಖರ್ಚೂ ಬರುವುದಿಲ್ಲ. ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ. ಬ್ರ್ಯಾಂಡ್ ಬದಲಾದರೆ ತೊಂದರೆಯಿಲ್ಲ, ಮಿ.ಗ್ರಾಂ ಬದಲಾಗಬಾರದು. ಕ್ಲೋಮಿಫೀನ್ 25, 50, 100 ಮೂರರಲ್ಲೂ ಬರುತ್ತದೆ, ಪೊಟ್ಟಣ ನೋಡಲು ಒಂದೇ ಥರ. ಗಂಡನ ಚೀಟಿಯಲ್ಲಿ 25 ಮಿ.ಗ್ರಾಂ ಕ್ಲೋಮಿಫೀನ್ ಕಂಡರೆ ಗಾಬರಿ ಬೇಡ. ವೀರ್ಯದ ಎಣಿಕೆ ಕಡಿಮೆಯಿದ್ದಾಗ ಗಂಡಸರಿಗೂ ಕೆಲವು ಡಾಕ್ಟರುಗಳು ಬರೆಯುತ್ತಾರೆ. ಆದರೆ ಹೆಂಡತಿಯ ಸ್ಟ್ರಿಪ್, ಗಂಡನ ಸ್ಟ್ರಿಪ್ ಒಂದೇ ಡಬ್ಬಿಯಲ್ಲಿ ಹಾಕಿಡಬೇಡಿ.

ಕೌಂಟರ್ ಬಿಡುವ ಮೊದಲು ಸ್ಟ್ರಿಪ್ ತಿರುಗಿಸಿ ಹೆಸರು ಪೂರ್ತಿ ಓದಿ. ಕ್ಲೋಮಿಪ್ರಮಿನ್ ಅಂತ ಇನ್ನೊಂದು ಮಾತ್ರೆ ಉಂಟು, ಅದು ಖಿನ್ನತೆ ಮತ್ತು ಗೀಳಿಗೆ ಕೊಡುವಂಥದ್ದು. ಎರಡು ಹೆಸರು ಅದಲುಬದಲಾಗುವುದು ಔಷಧ ವಿತರಣೆಯಲ್ಲಿ ಎಲ್ಲರಿಗೂ ಗೊತ್ತಿರುವ ಅಪಾಯ. ಕೈಬರಹದ ಚೀಟಿಯಾದರೆ ಎರಡು ಸಲ ಓದಿ. ಹತ್ತರ ಸ್ಟ್ರಿಪ್‌ನಿಂದ ಐದು ಕತ್ತರಿಸಿ ಕೊಟ್ಟರೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಯಾರ ಪಾಲಿಗೆ ಬಂತು ನೋಡಿ, ಇಲ್ಲದಿದ್ದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮಾತ್ರೆಯನ್ನು ಮೊದಲೇ ಪೊಟ್ಟಣದಿಂದ ಒಡೆದು ಕಾಗದದಲ್ಲಿ ಕಟ್ಟಿಡಬೇಡಿ. ಬೆಳಕು, ಸೆಕೆ, ತೇವ ಮೂರೂ ಕ್ಲೋಮಿಫೀನ್‌ಗೆ ಆಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಅಡುಗೆಮನೆ ಕಿಟಕಿಯ ಮೇಲೆ ಇಟ್ಟರೆ ಮೂರೂ ಒಟ್ಟಿಗೆ ತಾಗುತ್ತವೆ.

ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ, ಎರಡೂ ಷೆಡ್ಯೂಲ್ ಎಚ್ ಮದ್ದುಗಳು. ಹಾಗಿದ್ದೂ ಹಳೆಯ ಚೀಟಿ ತೋರಿಸಿ ‘ಕಳೆದ ಸಲದ್ದೇ ಕೊಡಿ’ ಎಂದು ತಿಂಗಳು ತಿಂಗಳು ಕೊಂಡುಹೋಗುವ ಅಭ್ಯಾಸ ಉಂಟು. ಈ ಮದ್ದಿನ ಮಟ್ಟಿಗೆ ಅದಕ್ಕಿಂತ ದಂಡದ ಕೆಲಸ ಬೇರೆಯಿಲ್ಲ. ಕಳೆದ ಸಲ 50ಕ್ಕೆ ಮೊಟ್ಟೆ ಬೆಳೆಯದಿದ್ದರೆ ಈ ಸಲವೂ 50 ನುಂಗಿ ಏನು ಉಪಯೋಗ? ಬೆಳೆದಿದ್ದರೆ, ಉಳಿದ ಗುಳ್ಳೆ (ಮೊಟ್ಟೆ ಬೆಳೆಯುವ ನೀರಿನ ಚೀಲ) ಸಿಸ್ಟ್ ಆಗಿ ನಿಂತಿದೆಯೋ ನೋಡದೆ ಮತ್ತೆ ಶುರು ಮಾಡುವುದು ಹೇಗೆ?

ಲೆಟ್ರೋಜೋಲ್ ಪೊಟ್ಟಣದೊಳಗಿನ ಮಾಹಿತಿ ಚೀಟಿಗೆ ಹತ್ತಕ್ಕೆ ಎರಡು ಅಂಕ. ಅದರಲ್ಲಿ ಮುಟ್ಟು ನಿಂತ ಹೆಂಗಸರ ಸ್ತನ ಕ್ಯಾನ್ಸರಿನ ವಿಷಯವೇ ತುಂಬಿರುತ್ತದೆ, ಗರ್ಭಿಣಿಯರಿಗೆ ಕೊಡಬಾರದು ಎಂದೂ ಇರುತ್ತದೆ. ಮನೆಗೆ ಹೋಗಿ ಓದಿದ ಅತ್ತೆಯೋ ನಾದಿನಿಯೋ ‘ಇದು ಕ್ಯಾನ್ಸರ್ ಮದ್ದು ಮಾರಾಯ್ತಿ’ ಎಂದರೆ ಹುಡುಗಿ ಮೂರನೇ ದಿನಕ್ಕೇ ಬಿಟ್ಟುಬಿಡುತ್ತಾಳೆ. ವಿಷಯ ಇಷ್ಟು: ಈ ಮದ್ದು ಮೊದಲು ಬಂದದ್ದು ಸ್ತನ ಕ್ಯಾನ್ಸರಿಗೆ ನಿಜ, ಆದರೆ ಅಲ್ಲಿ ವರ್ಷಗಟ್ಟಲೆ ದಿನವೂ ತೆಗೆದುಕೊಳ್ಳುತ್ತಾರೆ, ಇಲ್ಲಿ ಐದೇ ದಿನ, ಅದೂ ಗರ್ಭ ನಿಲ್ಲುವ ಮೊದಲು. 2005ರಲ್ಲಿ ಒಂದು ಸಣ್ಣ ವರದಿ ಹುಟ್ಟುವ ಮಕ್ಕಳಲ್ಲಿ ನ್ಯೂನತೆಯ ಭಯ ಎಬ್ಬಿಸಿತ್ತು. ಮರುವರ್ಷವೇ 911 ಶಿಶುಗಳ ಲೆಕ್ಕ ತೆಗೆದ ಅಧ್ಯಯನದಲ್ಲಿ ಕ್ಲೋಮಿಫೀನ್‌ಗಿಂತ ಲೆಟ್ರೋಜೋಲ್‌ನಲ್ಲಿ ನ್ಯೂನತೆ ಹೆಚ್ಚೇನೂ ಕಾಣಲಿಲ್ಲ. ಆದರೂ ನಮ್ಮ ಕೇಂದ್ರ ಸರ್ಕಾರ 2011ರಲ್ಲಿ ಮೊಟ್ಟೆ ಬೆಳೆಸಲು ಇದನ್ನು ಬಳಸಬಾರದೆಂದು ತಡೆಹಾಕಿ, 2017ರಲ್ಲಿ ತೆರವು ಮಾಡಿತು. ಆ ನಡುವಿನ ವರ್ಷಗಳಲ್ಲಿ ಚಿಕಿತ್ಸೆ ಪಡೆದ ಅಕ್ಕನಿಗೆ ಕ್ಲೋಮಿಫೀನ್, ಈಗ ತಂಗಿಗೆ ಲೆಟ್ರೋಜೋಲ್ ಬರೆದಿದ್ದರೆ ಅದಕ್ಕೆ ಇದೂ ಒಂದು ಕಾರಣ.

ದಿನ ಎಣಿಸುವುದು

ಮೊದಲ ದಿನ ಎಂದರೆ ಸರಿಯಾಗಿ ಕೆಂಪು ಹರಿವು ಶುರುವಾದ ದಿನ. ಹಿಂದಿನ ದಿನ ಕಂಡ ಕಂದು ಕಲೆ ಲೆಕ್ಕಕ್ಕಿಲ್ಲ. ರಾತ್ರಿ ತಡವಾಗಿ ಶುರುವಾದರೆ ಆ ದಿನವೋ ಮರುದಿನವೋ ಎಂಬುದರಲ್ಲಿ ಒಂದೊಂದು ಕ್ಲಿನಿಕ್ ಒಂದೊಂದು ರೀತಿ ಹೇಳುತ್ತದೆ. ಫೋನ್ ಮಾಡಿ ಕೇಳಿ, ಅವರು ಹೇಳಿದ್ದನ್ನೇ ಕೊನೆಯವರೆಗೆ ಇಟ್ಟುಕೊಳ್ಳಿ. ಎರಡರಿಂದ ಐದನೇ ದಿನದೊಳಗೆ ಶುರು ಮಾಡಿ, ದಿನಕ್ಕೊಂದರಂತೆ ಐದು ದಿನ. ಊಟಕ್ಕೆ ಮೊದಲೋ ನಂತರವೋ ಎಂಬುದು ಮುಖ್ಯವಲ್ಲ, ಹೊತ್ತು ಮಾತ್ರ ಒಂದೇ ಇರಲಿ. ರಾತ್ರಿ ಮಲಗುವಾಗ ತೆಗೆದುಕೊಂಡರೆ ಮೈ ಬಿಸಿಯೇರುವುದು, ತಲೆ ತಿರುಗುವುದು ನಿದ್ದೆಯಲ್ಲೇ ಕಳೆದುಹೋಗುತ್ತದೆ. ರಂಜಾನ್ ಉಪವಾಸ ಇರುವವರಿಗೂ ಇದು ಅನುಕೂಲ, ಇಫ್ತಾರ್ ನಂತರ ಒಂದು ಹೊತ್ತು ಗೊತ್ತುಮಾಡಿಕೊಂಡರಾಯಿತು. ಜೊತೆಗೆ ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ, ಪಿಸಿಒಡಿಗೂ ಕೊಡುತ್ತಾರೆ) ಇದ್ದರೆ ಮಾತ್ರ ಅದು ಊಟದೊಟ್ಟಿಗೇ ಆಗಬೇಕು, ಖಾಲಿ ಹೊಟ್ಟೆಗೆ ಹಾಕಿದರೆ ವಾಕರಿಕೆ, ಭೇದಿ ಗ್ಯಾರಂಟಿ.

ಒಂದು ದಿನ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮಾರನೇ ದಿನದ ಹೊತ್ತೇ ಬಂದುಬಿಟ್ಟಿದ್ದರೆ ಎರಡು ಒಟ್ಟಿಗೆ ನುಂಗಬೇಡಿ, ಕ್ಲಿನಿಕ್‌ಗೆ ತಿಳಿಸಿ. ಸ್ಕ್ಯಾನಿಂಗ್ ದಿನ ಸ್ವಲ್ಪ ಆಚೀಚೆ ಮಾಡಬೇಕಾದೀತು.

ಎರಡು ಮೂರು ತಿಂಗಳು ಮುಟ್ಟೇ ಆಗದವರಿಗೆ ಮೊದಲು ಮೆಡ್ರಾಕ್ಸಿಪ್ರೊಜೆಸ್ಟೆರಾನ್‌ನಂಥ ಮಾತ್ರೆ ಐದರಿಂದ ಹತ್ತು ದಿನ ಕೊಟ್ಟು ಮುಟ್ಟು ಬರಿಸುತ್ತಾರೆ. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಎರಡರಿಂದ ಏಳು ದಿನದಲ್ಲಿ ಆಗುತ್ತದೆ. ಅದಕ್ಕೂ ಮೊದಲು ಗರ್ಭ ಪರೀಕ್ಷೆ ಆಗಲೇಬೇಕು. ಮುಟ್ಟು ನಿಂತದ್ದು ಪಿಸಿಒಡಿಯಿಂದಲೇ ಎಂದು ಗಟ್ಟಿ ಹೇಳುವವರ್ಯಾರು?

ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಹೋಗಿ ಕೂರುವ ಸಂಪ್ರದಾಯ ಇರುವ ಮನೆಗಳಲ್ಲಿ ಆ ತಿಂಗಳು ಮಾತ್ರೆ ಶುರು ಮಾಡುವುದೇ ಬೇಡ. ಈ ಮಾತ್ರೆಗೆ ಹೆಚ್ಚೆಂದರೆ ಆರು ಸುತ್ತು; ಗಂಡ ಹೆಂಡತಿ ಬೇರೆಬೇರೆ ಊರಲ್ಲಿದ್ದು ಅದರಲ್ಲಿ ಒಂದನ್ನು ಬರಿದೇ ಕಳೆದುಕೊಂಡ ಹಾಗಾಗುತ್ತದೆ.

ಸ್ಕ್ಯಾನಿಂಗ್: ದುಡ್ಡು ಹೋಗುವುದು ಇಲ್ಲಿ, ಹೋಗಬೇಕಾದದ್ದೂ ಇಲ್ಲಿ

ಫಾಲಿಕ್ಯುಲರ್ ಸ್ಟಡಿ (ಗುಳ್ಳೆ ಬೆಳೆಯುವುದನ್ನು ನೋಡುವ ಸ್ಕ್ಯಾನಿಂಗ್) ಎಂದು ಬರೆದುಕೊಡುತ್ತಾರಲ್ಲ, ಅದು ಒಂದು ಸ್ಕ್ಯಾನ್ ಅಲ್ಲ, ಎರಡು ಮೂರು ನಾಲ್ಕು ಆಗುತ್ತದೆ. ಒಟ್ಟು ಪ್ಯಾಕೇಜೋ, ಪ್ರತಿ ಸಲ ಬೇರೆ ಬಿಲ್ಲೋ ಎಂಬುದನ್ನು ಮೊದಲ ದಿನವೇ ಕೇಳಿ. ಮಂಗಳೂರಿನಲ್ಲಿ ಎರಡೂ ರೀತಿ ಉಂಟು, ಕೊನೆಗೆ ಕೈಗೆ ಬರುವ ಮೊತ್ತದಲ್ಲಿ ಅಂತರ ದೊಡ್ಡದು. ಭಾನುವಾರ ಬಾಗಿಲು ತೆರೆದಿರುತ್ತದೆಯೇ ಎಂದೂ ಕೇಳಿಟ್ಟುಕೊಳ್ಳಿ. ಮೊಟ್ಟೆಗೆ ರಜೆ ಇಲ್ಲ.

ಈ ಸ್ಕ್ಯಾನ್ ಸಾಮಾನ್ಯವಾಗಿ ಒಳಗಿನಿಂದ ಮಾಡುವುದು. ಹೊಟ್ಟೆಯ ಮೇಲಿನ ಸ್ಕ್ಯಾನಿಂಗ್ ಎಂದುಕೊಂಡು ಬಾಟಲಿಗಟ್ಟಲೆ ನೀರು ಕುಡಿದು ಕೂರುವವರನ್ನು ಕಾಯುವ ಕೋಣೆಯಲ್ಲಿ ದಿನಾ ಕಾಣಬಹುದು. ಇಲ್ಲಿ ಬೇಕಾದದ್ದು ಅದಕ್ಕೆ ವಿರುದ್ಧ: ಮೂತ್ರ ಖಾಲಿ ಮಾಡಿ ಒಳಗೆ ಹೋಗಬೇಕು.

ಕೈಗೆ ಕೊಡುವ ಹಾಳೆಯನ್ನು ಓದಲು ಬಂದರೆ ಅರ್ಧ ಆತಂಕ ಕಡಿಮೆ. ಒಂದು ಮಾದರಿ ನೋಡಿ. 9ನೇ ದಿನ: ಬಲ ಅಂಡಾಶಯ 11 ಮಿ.ಮೀ., ಎಡದಲ್ಲಿ ಎಲ್ಲ ಸಣ್ಣವು, ಒಳಪದರ 5.5. 11ನೇ ದಿನ: ಬಲ 14.5, ಪದರ 7. 13ನೇ ದಿನ: ಬಲ 18.5, ಪದರ 8.2, ಮೂರು ಗೆರೆ. ಇದು ಪಾಠದ ಪುಸ್ತಕದಂಥ ಸಾಲು. ಮುಂದಾಳು ಗುಳ್ಳೆ ದಿನಕ್ಕೆ ಒಂದೂವರೆಯಿಂದ ಎರಡು ಮಿ.ಮೀ. ಬೆಳೆಯುತ್ತದೆ, 18ರಿಂದ 20ಕ್ಕೆ ಬಂದಾಗ ಹಣ್ಣಾಯಿತು ಎಂದು ಲೆಕ್ಕ. ಪದರ 7ಕ್ಕಿಂತ ಮೇಲಿದ್ದು ಮೂರು ಗೆರೆಯಾಗಿ ಕಂಡರೆ ಒಳ್ಳೆಯದು. 13ನೇ ದಿನ ಗುಳ್ಳೆ 19, ಪದರ 5 ಎಂದು ಬಂದರೆ ಅದು ಕ್ಲೋಮಿಫೀನ್‌ನ ಪರಿಚಿತ ಚೇಷ್ಟೆ. ಮುಂದಿನ ಸುತ್ತಿಗೆ ಲೆಟ್ರೋಜೋಲ್‌ಗೆ ಬದಲಾಯಿಸೋಣವೇ ಎಂದು ಡಾಕ್ಟರನ್ನು ಕೇಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. 13ನೇ ದಿನಕ್ಕೂ ಎಲ್ಲ 8, 9ರಲ್ಲೇ ನಿಂತಿದ್ದರೆ ಆ ಪ್ರಮಾಣ ಸಾಲಲಿಲ್ಲ ಎಂದರ್ಥ. 16, 17, 18 ಎಂದು ಮೂರು ನಾಲ್ಕು ಗುಳ್ಳೆ ಒಟ್ಟಿಗೆ ಬೆಳೆದಿದ್ದರೆ ಖುಷಿಪಡುವ ವಿಷಯ ಅಲ್ಲ, ಅವಳಿ ತ್ರಿವಳಿಯ ಅಪಾಯ. ಆ ತಿಂಗಳು ಮೊಟ್ಟೆ ಒಡೆಸುವ ಇಂಜೆಕ್ಷನ್ ಬೇಡ, ಸೇರುವುದೂ ಬೇಡ ಎಂದು ಡಾಕ್ಟರು ಹೇಳಿದರೆ ಬೇಸರಿಸದೆ ಕೇಳಿ. ಕ್ಲೋಮಿಫೀನ್‌ನಲ್ಲಿ ನಿಂತ ಗರ್ಭಗಳಲ್ಲಿ ಶೇ 7-8ರಷ್ಟು ಅವಳಿ. ‘ಒಂದೇ ಸಲಕ್ಕೆ ಎರಡು’ ಎಂದು ಹಿಗ್ಗುವ ಮೊದಲು ಅವಧಿಗೆ ಮುಂಚಿನ ಹೆರಿಗೆ, ಎನ್‌ಐಸಿಯು (ಎಳೆಶಿಶುಗಳ ತೀವ್ರ ನಿಗಾ ಘಟಕ) ಬಿಲ್ಲು ಎರಡನ್ನೂ ನೆನಪಿಡಿ.

ಮೊಟ್ಟೆ ಒಡೆಯುವ ಇಂಜೆಕ್ಷನ್ ಎಂದು ಎಲ್ಲರೂ ಕರೆಯುವ ಎಚ್‌ಸಿಜಿ 5,000 ಅಥವಾ 10,000 ಯೂನಿಟ್‌ನದ್ದು. ಕೊಟ್ಟ ಸುಮಾರು 36 ಗಂಟೆಗೆ ಮೊಟ್ಟೆ ಹೊರಬೀಳುತ್ತದೆ. ಎಲ್ಲರಿಗೂ ಇದು ಬೇಕೆಂದಿಲ್ಲ, ಮಾತ್ರೆಯಲ್ಲೇ ತಾನಾಗಿ ಒಡೆಯುವವರು ಬಹಳ. ಬರೆದಿದ್ದರೆ ಸಾಗಿಸುವುದರಲ್ಲಿ ಎಚ್ಚರ ಬೇಕು. ಪುಡಿ ರೂಪದ ಬಾಟಲಿ, ಬಹುತೇಕ ಬ್ರ್ಯಾಂಡ್‌ಗಳದ್ದು 2ರಿಂದ 8 ಡಿಗ್ರಿಯಲ್ಲಿ ಇಡುವಂಥದ್ದು. ಅಂಗಡಿಯವರು ಫ್ರಿಜ್‌ನಿಂದಲೇ ತೆಗೆದುಕೊಡುತ್ತಾರೋ ನೋಡಿ. ಜೆಲ್ ಪ್ಯಾಕ್ ಹಾಕಿದ ಥರ್ಮಾಕೋಲ್ ಡಬ್ಬಿ ಕೇಳಿ ಪಡೆಯಿರಿ, ಮಂಜುಗಡ್ಡೆ ಬಾಟಲಿಗೆ ನೇರ ತಾಗಬಾರದು, ಮನೆಯಲ್ಲಿ ಫ್ರೀಜರ್‌ಗೆ ಹೋಗಬಾರದು. ಏಪ್ರಿಲ್ ಸೆಕೆಯಲ್ಲಿ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಿಂದ ಬೆಳ್ತಂಗಡಿಯವರೆಗೆ ಕೈಚೀಲದಲ್ಲಿ ಹಾಗೇ ಒಯ್ದ ಇಂಜೆಕ್ಷನ್ ಮೇಲೆ ಭರವಸೆ ಇಡುವುದು ಕಷ್ಟ. ಸ್ಕೂಟರ್ ಡಿಕ್ಕಿ ಅದಕ್ಕಿಂತ ಕೆಟ್ಟದ್ದು. ರಾತ್ರಿ ಒಂಬತ್ತಕ್ಕೆ ಕೊಡಬೇಕೆಂದು ಬರೆದಿದ್ದರೆ ಊರಿನಲ್ಲಿ ಯಾವ ಕ್ಲಿನಿಕ್‌ನ ಸಿಸ್ಟರ್ ಆ ಹೊತ್ತಿಗೆ ಇರುತ್ತಾರೆ ಎಂದು ಹಗಲೇ ಗೊತ್ತುಮಾಡಿಕೊಳ್ಳಿ.

ಹೊರಬಿದ್ದ ಮೊಟ್ಟೆಯ ಆಯುಸ್ಸು 12ರಿಂದ 24 ಗಂಟೆ. ವೀರ್ಯಾಣು ಒಳಗೆ ಮೂರರಿಂದ ಐದು ದಿನ ಬದುಕಬಲ್ಲದು. ಆದ್ದರಿಂದ ವೀರ್ಯಾಣು ಮೊದಲೇ ಹೋಗಿ ಕಾದಿರಬೇಕು. ಗಂಡ ಹೆಂಡತಿ ಸೇರಬೇಕಾದದ್ದು ಸ್ಕ್ಯಾನಿಂಗ್ ಇದ್ದರೆ ಇಂಜೆಕ್ಷನ್ ಆದ ರಾತ್ರಿಯಿಂದ ಎರಡು ಮೂರು ದಿನ, ಇಲ್ಲದಿದ್ದರೆ 10ನೇ ದಿನದಿಂದ ದಿನ ಬಿಟ್ಟು ದಿನ. ‘ಡಾಕ್ಟರು ಹೇಳಿದ ಒಂದೇ ರಾತ್ರಿ’ ಎಂದು ಕಾದು ಕೂರುವುದು ಇಬ್ಬರಿಗೂ ಹಿಂಸೆ, ಉಪಯೋಗವೂ ಕಡಿಮೆ.

ಮನೆಯಲ್ಲೇ ನೋಡುವ ಓವ್ಯುಲೇಷನ್ ಕಿಟ್ ಪಿಸಿಒಡಿ ಇದ್ದವರಿಗೆ ದಂಡ ಖರ್ಚು. ಅದು ಅಳೆಯುವ ಎಲ್‌ಎಚ್ (ಮೊಟ್ಟೆ ಒಡೆಯಲು ಸೂಚನೆ ಕೊಡುವ ಹಾರ್ಮೋನ್) ಅವರಲ್ಲಿ ಮೊದಲೇ ಹೆಚ್ಚಿರುತ್ತದೆ, ಎರಡು ಗೆರೆ ಸುಮ್ಮಸುಮ್ಮನೆ ಬರುತ್ತದೆ. ಕ್ಲೋಮಿಫೀನ್ ಕೂಡ ಎಲ್‌ಎಚ್ ಏರಿಸುವುದರಿಂದ, ಬಳಸುವುದೇ ಆದರೆ ಕೊನೆಯ ಮಾತ್ರೆಯ ನಂತರ ಮೂರು ದಿನ ಬಿಟ್ಟೇ ನೋಡಬೇಕು. 21ನೇ ದಿನದ ಪ್ರೊಜೆಸ್ಟೆರಾನ್ ರಕ್ತಪರೀಕ್ಷೆಯಲ್ಲೂ ಒಂದು ಗುಂಡಿ ಉಂಟು. ಆ 21 ಎಂಬುದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. 35 ದಿನದ ಚಕ್ರದವರು 28ನೇ ದಿನ ಕೊಡಬೇಕು, ಅಂದರೆ ಮೊಟ್ಟೆ ಒಡೆದು ಒಂದು ವಾರಕ್ಕೆ. ಆಗ 3 ನ್ಯಾನೊಗ್ರಾಂ/ಮಿ.ಲೀ.ಗಿಂತ ಮೇಲೆ ಬಂದರೆ ಮೊಟ್ಟೆ ಒಡೆದಿದೆ. ತಪ್ಪು ದಿನ ರಕ್ತ ಕೊಟ್ಟು ‘ಮೊಟ್ಟೆಯೇ ಆಗಿಲ್ಲ’ ಎಂದು ಡೋಸ್ ಏರಿಸಿಕೊಂಡವರಿದ್ದಾರೆ.

ಗಂಡ ಗಲ್ಫ್‌ನಲ್ಲಿದ್ದರೆ

ದಕ್ಷಿಣ ಕನ್ನಡ, ಉಡುಪಿ ಈ ನಮ್ಮ ಎರಡು ಜಿಲ್ಲೆಗಳಲ್ಲಿ ಈ ಮಾತ್ರೆಯ ದೊಡ್ಡ ಶತ್ರು ದುಬೈ, ದಮಾಮ್‌ನ ರಜೆ ಪಟ್ಟಿ. ಮೂವತ್ತು ದಿನದ ರಜೆಯಲ್ಲಿ ನಂಬಿಕೊಳ್ಳಬಹುದಾದದ್ದು ಒಂದೇ ಸುತ್ತು. ಅದನ್ನು ಹಾಳು ಮಾಡಿಕೊಳ್ಳುವ ದಾರಿಗಳು ಮಾತ್ರ ಹಲವು.

ವೀರ್ಯ ಪರೀಕ್ಷೆಯನ್ನು ಊರಿಗೆ ಬಂದ ಮೇಲೆ ಎಂದು ಇಟ್ಟುಕೊಳ್ಳುವುದು ಅದರಲ್ಲಿ ದೊಡ್ಡದು. ಬಂದವರು ನೆಂಟರು, ಮದುವೆ, ಕೋಲ ಎಂದು ಹತ್ತು ದಿನ ಕಳೆದು ಪರೀಕ್ಷೆಗೆ ಹೋಗುತ್ತಾರೆ, ಎಣಿಕೆ ಕಡಿಮೆ ಎಂದು ಗೊತ್ತಾಗುವಾಗ ಹೆಂಡತಿಯ ಮಾತ್ರೆ ಮುಗಿದಿರುತ್ತದೆ. ಅಲ್ಲೇ ಲ್ಯಾಬ್‌ನಲ್ಲಿ ಮಾಡಿಸಿ ರಿಪೋರ್ಟ್ ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಸಾಕು. ಎರಡರಿಂದ ಏಳು ದಿನ ಸಂಯಮ ಇರಬೇಕು, ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳಮಿತಿ ಮಿ.ಲೀ.ಗೆ 1.6 ಕೋಟಿ, ಚಲನೆ ಶೇ 42. ಒಂದು ಸಲ ಕಡಿಮೆ ಬಂದರೆ ಎದೆಗುಂದಬೇಡಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಹಿಡಿಯುತ್ತದೆ, ಅಷ್ಟರೊಳಗೆ ಬಂದುಹೋದ ಜೋರು ಜ್ವರವೂ ಎಣಿಕೆ ಇಳಿಸುತ್ತದೆ.

ಟಿಕೆಟ್ ಬುಕ್ ಮಾಡುವಾಗಲೇ ಹೆಂಡತಿಯ ಡಾಕ್ಟರಿಗೆ ತಾರೀಕು ತಿಳಿಸಿ. ಮೊಟ್ಟೆ ಒಡೆಯುವುದು 13ರಿಂದ 17ನೇ ದಿನದ ಆಸುಪಾಸಿಗೆ, ಅಂದರೆ ಕ್ಲೋಮಿಫೀನ್ ಕೊನೆಯ ಮಾತ್ರೆಯಿಂದ ಐದರಿಂದ ಹತ್ತು ದಿನಕ್ಕೆ. ಆ ವಾರ ಗಂಡ ಊರಲ್ಲಿರಬೇಕು. ವಿಮಾನ ಇಳಿಯುವ ದಿನ ಹೆಂಡತಿಗೆ ಏಳನೇ ದಿನವಾಗುವ ಲೆಕ್ಕ ಇದ್ದರೆ ಬಂದ ಮೇಲೆ ಶುರು ಮಾಡಿದರಾಗದು, ಎರಡನೇ ದಿನದ ಸ್ಕ್ಯಾನ್, ಮಾತ್ರೆ ಎಲ್ಲ ಗಂಡ ಅಲ್ಲಿರುವಾಗಲೇ ಆಗಿರಬೇಕು. ತಾರೀಕು ತೀರಾ ಹೊಂದದಿದ್ದರೆ ಪ್ರೊಜೆಸ್ಟೆರಾನ್ ಜಾತಿಯ ಮಾತ್ರೆಯಿಂದ ಮುಟ್ಟನ್ನು ಕೆಲವು ದಿನ ಮುಂದೂಡಿ ಹೊಂದಿಸಲು ಬರುತ್ತದೆ. ಇದನ್ನು ಡಾಕ್ಟರೇ ಮಾಡಬೇಕು, ದೇವಸ್ಥಾನಕ್ಕೆ ಹೋಗಲೆಂದು ತಂದಿಟ್ಟ ಮಾತ್ರೆಯನ್ನು ನೀವೇ ನುಂಗಿ ಅಲ್ಲ. ರಜೆ ಮತ್ತೆ ವರ್ಷ ಬಿಟ್ಟು ಎನ್ನುವವರು ವೀರ್ಯ ಶೀತಲೀಕರಿಸಿ ಇಟ್ಟುಹೋಗುವ ವ್ಯವಸ್ಥೆ ಬಗ್ಗೆ ಕೇಳಬಹುದು. ಆಗ ಗಂಡ ಹೋದ ಮೇಲೂ ಐಯುಐ (ವೀರ್ಯವನ್ನು ನಳಿಕೆಯಿಂದ ನೇರ ಗರ್ಭಕೋಶಕ್ಕೆ ಬಿಡುವುದು) ಮಾಡಲು ಬರುತ್ತದೆ. ನೋಂದಾಯಿತ ಕೇಂದ್ರವೇ ಆಗಬೇಕು, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ, ಲಿಖಿತ ಒಪ್ಪಿಗೆ ಬೇಕು. ಅವರು ಹೊರಡುವ ಹಿಂದಿನ ದಿನ ಓಡಿದರೆ ಇದಾವುದೂ ಆಗುವುದಿಲ್ಲ.

ಮೈಗೆ ತಾಗುವುದು, ಯಾರಿಗೆ ಆಗದು

ಕ್ಲೋಮಿಫೀನ್‌ನಲ್ಲಿ ಹತ್ತರಲ್ಲಿ ಒಬ್ಬರಿಗೆ ಮೈ ಧಗ್ಗೆಂದು ಬಿಸಿಯೇರುತ್ತದೆ. ಹೊಟ್ಟೆ ಉಬ್ಬರ, ತಲೆನೋವು, ಸಿಡಿಮಿಡಿಯೂ ಬರುತ್ತದೆ. ಲೆಟ್ರೋಜೋಲ್‌ನಲ್ಲಿ ಬಿಸಿಯೇರುವುದು ಕಡಿಮೆ, ಸುಸ್ತು ಮತ್ತು ತಲೆ ತಿರುಗುವುದು ಹೆಚ್ಚು. ಇವೆಲ್ಲ ಮಾತ್ರೆ ಮುಗಿದರೆ ತಾನಾಗಿ ಹೋಗುವಂಥವು. ಹಾಗೆ ಬಿಡಬಾರದ್ದು ಕಣ್ಣಿನದ್ದು: ಕ್ಲೋಮಿಫೀನ್ ತೆಗೆದುಕೊಳ್ಳುವಾಗ ಕಣ್ಣು ಮಂಜಾದರೆ, ಮಿಂಚಿನಂಥ ಬೆಳಕು ಕಂಡರೆ, ನೋಡಿದ ವಸ್ತುವಿನ ನೆರಳು ಹಿಂದೆಯೇ ಎಳೆದ ಹಾಗೆ ಕಂಡರೆ ಮಾತ್ರೆ ನಿಲ್ಲಿಸಿ, ಗಾಡಿ ಬಿಡಬೇಡಿ, ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ತೋರಿಸಿ. ನೂರರಲ್ಲಿ ಒಬ್ಬಿಬ್ಬರಿಗೆ ಇದು ಬರುತ್ತದೆ.

ಇಂಜೆಕ್ಷನ್ ಆದ ವಾರದಲ್ಲಿ ಹೊಟ್ಟೆ ಡೊಳ್ಳಿನ ಹಾಗೆ ಬಿಗಿದು, ದಿನಕ್ಕೆ ಒಂದು ಕಿಲೋದಂತೆ ತೂಕ ಏರಿ, ಮೂತ್ರ ಕಡಿಮೆಯಾಗಿ, ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಅಂಡಾಶಯ ಅತಿಯಾಗಿ ಕೆರಳಿದ ಲಕ್ಷಣ ಅದು. ಬರೀ ಮಾತ್ರೆಯಲ್ಲಿ ಜೋರಾಗಿ ಬರುವುದು ಅಪರೂಪ, ಗೊನಡೋಟ್ರೋಪಿನ್ (ಮೊಟ್ಟೆ ಬೆಳೆಸುವ ಹಾರ್ಮೋನ್) ಇಂಜೆಕ್ಷನ್ ಸೇರಿಸಿದಾಗ ಹೆಚ್ಚು.

ಲಿವರ್ ತೊಂದರೆ ಇದ್ದವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದವರಿಗೆ, ಪಿಸಿಒಡಿಯದ್ದಲ್ಲದ ಸಿಸ್ಟ್ ಇದ್ದವರಿಗೆ ಕ್ಲೋಮಿಫೀನ್ ಕೊಡುವುದಿಲ್ಲ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನ್) ನೋಡದೆ ಶುರು ಮಾಡುವುದು ಅವಸರ. ಅಲ್ಲಿ ದೋಷ ಇದ್ದರೆ ಅದನ್ನು ಸರಿಮಾಡಿದಾಗಲೇ ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತದೆ. ತೀರಾ ತೂಕ ಇಳಿದು ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ನೇ ಇರುವುದಿಲ್ಲ, ಅಲ್ಲಿ ಕ್ಲೋಮಿಫೀನ್‌ಗೆ ತಡೆಯಲು ಏನೂ ಸಿಗುವುದಿಲ್ಲ. ತೂಕ ಹೆಚ್ಚಿರುವವರಿಗೆ ಡೋಸ್ ಏರಿಸುವುದಕ್ಕಿಂತ ಮೊದಲು ಇರುವ ತೂಕದಲ್ಲಿ ಶೇ 5ರಿಂದ 10 ಇಳಿಸಿ ನೋಡುವುದು ಮೇಲು. 80 ಕಿಲೋ ಇದ್ದವರು 74-75ಕ್ಕೆ ಬಂದರೆ ಮಾತ್ರೆಯೇ ಇಲ್ಲದೆ ಮೊಟ್ಟೆ ಬೆಳೆಯಲು ಶುರುವಾಗುವುದುಂಟು. ಟ್ಯೂಬ್ (ಮೊಟ್ಟೆ ಗರ್ಭಕೋಶಕ್ಕೆ ಬರುವ ನಾಳ) ಎರಡೂ ಮುಚ್ಚಿದ್ದರೆ ಯಾವ ಮಾತ್ರೆಯೂ ಬೇಡ. ಎರಡು ಮೂರು ಸುತ್ತು ಮೊಟ್ಟೆ ಚೆನ್ನಾಗಿ ಒಡೆದೂ ಗರ್ಭ ನಿಲ್ಲದಿದ್ದರೆ ಮೊದಲು ಕೇಳಬೇಕಾದದ್ದು ಟ್ಯೂಬ್ ಟೆಸ್ಟ್ ಆಗಿದೆಯೇ ಎಂದು.

ಎಚ್‌ಸಿಜಿ ತೆಗೆದುಕೊಂಡವರು ಮನೆಯ ಗರ್ಭ ಪರೀಕ್ಷೆಗೆ ಎರಡು ವಾರ ಕಾಯಲೇಬೇಕು. ಕಿಟ್ ಹುಡುಕುವುದೂ ಅದೇ ಹಾರ್ಮೋನನ್ನು, ಎಂಟನೇ ದಿನ ಕಂಡ ಎರಡನೇ ಗೆರೆ ಇಂಜೆಕ್ಷನ್‌ನದ್ದೇ ಇರಬಹುದು. ಮುಟ್ಟಾಗಿಬಿಟ್ಟರೆ ಮುಂದಿನ ಸ್ಟ್ರಿಪ್ ಒಡೆಯುವ ಮೊದಲು ಎರಡನೇ ದಿನದ ಸ್ಕ್ಯಾನ್. ಸಿಸ್ಟ್ ಇದ್ದರೆ ಆ ತಿಂಗಳು ರಜೆ. ಕ್ಲೋಮಿಫೀನ್ 50ಕ್ಕೆ ಒಡೆದಿದ್ದರೆ ಮುಂದಿನ ಸುತ್ತಿಗೂ 50 ಸಾಕು, ಒಡೆಯದಿದ್ದರೆ 100. ಲೆಟ್ರೋಜೋಲ್ 2.5ರಿಂದ 5, ಬೇಕಾದರೆ 7.5. ಒಟ್ಟು ಆರು ಸುತ್ತು ದಾಟಿಸುವುದಿಲ್ಲ. ಅಲ್ಲಿಗೂ ಆಗದವರಿಗೆ ಇಂಜೆಕ್ಷನ್, ಐಯುಐ, ಐವಿಎಫ್‌ನ (ಪ್ರಣಾಳ ಶಿಶು ಚಿಕಿತ್ಸೆಯ) ದಾರಿ ಬೇರೆ, ಬಿಲ್ಲೂ ಬೇರೆ. ಆ ಕ್ಲಿನಿಕ್‌ನ ಬಾಗಿಲಿಗೆ ಹೋಗುವಾಗ ಹಳೆಯ ಸ್ಕ್ಯಾನಿಂಗ್ ಹಾಳೆಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಒಂದೇ ಫೈಲಿನಲ್ಲಿ ಒಯ್ಯಿರಿ. ಎಷ್ಟು ಮಿ.ಗ್ರಾಂಗೆ ಎಷ್ಟು ಮಿ.ಮೀ. ಬೆಳೆಯಿತು ಎಂಬುದು ಅದರಲ್ಲಿದ್ದರೆ ಹೊಸ ಡಾಕ್ಟರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.